ಬೆಣ್ಣೆ ಲೈಸೆನ್ಸಿನ ರೇಡಿಯೊ

ಗೋಡೆಯ ಮೇಲೆ ತೂಗುವುದಕ್ಕೂ ಒಂದು ಯೋಗ್ಯತೆ ಬೇಕು ಎಂದು ನಮ್ಮಪ್ಪ ಹೇಳುತ್ತಿದ್ದರು. ಅವರು ವೆಲ್ಕಾ ಊರಿನ ಡೇರಿಯಲ್ಲಿ ಬೆಣ್ಣೆಯ ದರ್ಜೆ ನಿರ್ಧರಿಸುವ ಅಧಿಕಾರಿ. ಆ ಕೆಲಸಕ್ಕೆ ಸರ್ಕಾರ ಕೊಟ್ಟ ಲೈಸೆನ್ಸು ಕಟ್ಟು ಹಾಕಿಸಿಕೊಂಡು ಮೂವತ್ತು ವರ್ಷದಿಂದ ಡೇರಿಯ ಗೋಡೆಯಲ್ಲಿ ತೂಗುತ್ತಿತ್ತು. ವೆಲ್ಕಾ ಎಂದರೆ ನಮ್ಮ ಚೆಕ್ ಮಾತಿನಲ್ಲಿ ‘ದೊಡ್ಡದು’ ಎಂದರ್ಥ. ನೆಬ್ರಾಸ್ಕಾದ ಜೋಳದ ಹೊಲಗಳ ನಡುವಿನ ಈ ದೊಡ್ಡದರಲ್ಲಿ ನಾವು ಒಂಬೈನೂರ ಹನ್ನೊಂದು ಜನ ಇದ್ದೆವು. ಅಷ್ಟೂ ಜನ ಅಪ್ಪನಿಗೆ ಹೆದರುತ್ತಿದ್ದರು, ಏಕೆಂದರೆ ಹೆಚ್ಚುಕಡಿಮೆ ಅಷ್ಟೂ ಜನರ ಮನೆಯಲ್ಲಿ ಹಸುಗಳಿದ್ದವು.

ಅಪ್ಪ ಬೆಣ್ಣೆಯ ಪೀಪಾಯಿಗೆ ಉದ್ದನೆಯ ಕೊಳವೆ ಚುಚ್ಚಿ, ತಿರುಗಿಸಿ ಎಳೆದು, ಮೂಗಿನ ಕೆಳಗೆ ಹಿಡಿದು ಕಣ್ಣು ಮುಚ್ಚುವರು. ನಾಲಿಗೆಯ ಮೇಲೆ ಒಂದು ಚೂರು ಇಟ್ಟುಕೊಳ್ಳುವರು. ಆಮೇಲೆ ನೇರಳೆ ಮುದ್ರೆ ಒತ್ತುವರು. ತೊಂಬತ್ತು ಎಂದರೆ ಸಾಧಾರಣ. ತೊಂಬತ್ತೆರಡು ಸಿಕ್ಕಿದವರು ಮನೆಯಲ್ಲಿ ಹಬ್ಬ ಮಾಡುತ್ತಿದ್ದರು. ತೊಂಬತ್ತಮೂರನ್ನು ಅಪ್ಪ ಕೊಟ್ಟದ್ದು ಒಂದೇ ಸಲ, ಎರಡನೆಯ ಮಹಾಯುದ್ಧಕ್ಕೆ ಮೊದಲು, ಮತ್ತು ಅದಕ್ಕಾಗಿ ಒಂದು ವಾರ ಕೊರಗಿದರಂತೆ.

ಇಂಥವರ ಮಗನಾದ ನಾನು, ಎಮಿಲ್ ಕುಚೆರಾ, ಹತ್ತೊಂಬತ್ತನೆಯ ವಯಸ್ಸಿನಲ್ಲಿ ಬೆಣ್ಣೆ ಬಿಟ್ಟು ರೇಡಿಯೊ ಹಿಡಿದೆ. ಇದು ಸಾವಿರದ ಒಂಬೈನೂರ ಅರವತ್ತೊಂದರ ಮಾತು. ಆಗ ರೇಡಿಯೊ ಕೇಂದ್ರದ ಯಂತ್ರ ಮುಟ್ಟಬೇಕಾದರೆ ಕೇಂದ್ರ ಸರ್ಕಾರದ ಫಸ್ಟ್ ಕ್ಲಾಸ್ ಲೈಸೆನ್ಸು ಬೇಕಿತ್ತು. ಅದನ್ನು ಪಾಸು ಮಾಡಿಸಿಕೊಡುವ ಒಂದು ಶಾಲೆ ಕಾನ್ಸಾಸ್ ಸಿಟಿಯಲ್ಲಿತ್ತು. ವಿದ್ಯುತ್ತು ಅರ್ಥವಾಗಬೇಕೆಂದರೆ ಆರು ವರ್ಷ ಬೇಕು, ಉತ್ತರ ಬಾಯಿಪಾಠವಾಗಬೇಕೆಂದರೆ ಆರು ವಾರ ಸಾಕು ಎಂಬುದು ಅಲ್ಲಿಯ ಮೇಷ್ಟರ ಸಿದ್ಧಾಂತ. ಎ, ಬಿ, ಸಿ, ಡಿ ಎಂಬ ನಾಲ್ಕಕ್ಷರಗಳಲ್ಲಿ ಸಕಲ ಶಾಸ್ತ್ರವನ್ನೂ ಅವರು ನಮ್ಮ ತಲೆಗೆ ಇಳಿಸಿದರು. ಮೊದಲ ಸಲ ನಾನು ಫೇಲಾದೆ. ಉತ್ತರಗಳೆಲ್ಲ ಸರಿಯಾಗಿಯೇ ಇದ್ದವು, ಒಂದೊಂದು ಮನೆ ಕೆಳಗೆ ಬರೆದಿದ್ದೆ. ಎರಡನೆಯ ಸಲ ಬೆರಳಿಟ್ಟು ಎಣಿಸಿಕೊಂಡು ಬರೆದೆ, ಪಾಸಾದೆ.

ಲೈಸೆನ್ಸು ಅಂಚೆಯಲ್ಲಿ ಬಂದ ದಿನ ಊಟದ ಮೇಜಿನ ಮುಂದೆ ಅಪ್ಪ ಅದನ್ನು ಬೆಳಕಿಗೆ ಹಿಡಿದು ನೋಡಿದರು. ಎಲ್ಲಿ ಮೂಸಿಬಿಡುತ್ತಾರೋ ಎಂದು ನನಗೆ ಭಯವಾಯಿತು.

“ಫಸ್ಟ್ ಕ್ಲಾಸು ಅಂತ ಬರೆದವ್ರೆ,” ಎಂದರು.

“ಹೌದಪ್ಪ.”

“ಒಂದು ಪೀಪಾಯಿಗೆ ಫಸ್ಟ್ ಕ್ಲಾಸು ಅನ್ನೋಕೆ ನಾನು ಮೂವತ್ತು ವರ್ಷ ಮೂಗು ಸವೆಸಿದೀನಿ. ನಿಂಗೆ ಆರು ವಾರಕ್ಕೇ ಅಂದ್ಬಿಟ್ರಾ?”

“ನೀವು ಸುಮ್ನಿರಿ,” ಎಂದಳು ಅಮ್ಮ. “ಅವನು ಹೆಂಗೋ ಪಾಸಾಗವನೆ.” ನಮ್ಮಮ್ಮ ಲಿಬುಷೆಯ ಮಾತಿನಲ್ಲಿ ‘ಹೆಂಗೋ’ ಎಂಬುದು ಮೆಚ್ಚುಗೆಯೇ. ಕಾಗದವನ್ನು ನಾನು ಪೂರ್ತಿ ಓದುವ ಮೊದಲೇ ಕಿತ್ತುಕೊಂಡು, ಅಪ್ಪನ ಲೈಸೆನ್ಸಿಗೆ ಇದ್ದಂಥದೇ ಕಂದು ಕಟ್ಟು ತರಿಸಿ, ಗಾಜು ಕೂರಿಸಿ, ಹಿಂದೆ ಹಲಗೆಯಿಟ್ಟು ಮೊಳೆ ಹೊಡೆದಳು. ಎರಡೂ ಕಾಗದಗಳ ಮೂಲೆಯಲ್ಲಿ ಗುಂಡು ಮುದ್ರೆ, ಎರಡರ ಮೇಲೂ ‘ಕುಚೆರಾ’. ಅಕ್ಕಪಕ್ಕ ಇಟ್ಟರೆ ಅವಳಿ ಮಕ್ಕಳ ಹಾಗೆ ಕಾಣುತ್ತಿದ್ದವು.

ಪಕ್ಕದ ಮನೆಯ ವ್ಲಾಸ್ಟತ್ತೆ ಬಂದು ಕನ್ನಡಕ ಹಾಕಿಕೊಂಡು ನನ್ನ ಲೈಸೆನ್ಸಿನ ಮೇಲಿದ್ದ ‘ರೇಡಿಯೊ ಟೆಲಿಫೋನ್’ ಎಂಬ ಮಾತಿನಲ್ಲಿ ತನಗೆ ಬೇಕಾದ ಅರ್ಧವನ್ನು ಮಾತ್ರ ಓದಿದಳು. ನಮ್ಮ ಬೀದಿಯಲ್ಲಿ ಆರು ಮನೆಗೆ ಒಂದೇ ಫೋನ್ ಲೈನು.

“ಫೋನಿಂದೂ ಕಲಿತಿದೀಯ ಅನ್ನು. ಹಂಗಾರೆ ನಮ್ಮ ಲೈನಲ್ಲಿ ಕದ್ದು ಕೇಳೋರು ಯಾರು ಅಂತ ಒಂಚೂರು ಕಂಡುಹಿಡಿಯಪ್ಪ.”

ಕದ್ದು ಕೇಳುವವರು ಅವಳೊಬ್ಬಳೇ ಆದದ್ದರಿಂದ ಕಂಡುಹಿಡಿಯಲು ಲೈಸೆನ್ಸು ಬೇಕಿರಲಿಲ್ಲ.

ಊರಾಚೆಯ ರೇಡಿಯೊ ಕೇಂದ್ರದ ಯಜಮಾನರು ಮಿಲೋ ಹ್ಲಾವಾಚ್. ಅವರು ನನ್ನ ಧ್ವನಿ ಕೇಳದೆಯೇ ಕೆಲಸ ಕೊಟ್ಟರು. “ಲೈಸೆನ್ಸು ಇದೆಯಲ್ಲ, ಗೋಡೆಗೆ ತಗುಲಿಹಾಕು. ಕಾನೂನಿಗೆ ಬೇಕಾಗಿರೋದು ಅದು. ಅದರ ಜೊತೆ ನೀನೂ ಬಂದ್ರೆ ಸಂತೋಷ,” ಎಂದರು. ಕಾನೂನು ಇದ್ದದ್ದು ಹಾಗೆಯೇ. ಫಸ್ಟ್ ಕ್ಲಾಸಿನವನು ಯಂತ್ರದ ಬಳಿ ಇರಬೇಕು, ಅವನ ಲೈಸೆನ್ಸು ಅಲ್ಲಿಯ ಗೋಡೆಯ ಮೇಲೆ ಇರಬೇಕು. ಇಲ್ಲದಿದ್ದರೆ ತನಿಖೆಗೆ ಬಂದ ಅಧಿಕಾರಿ ಆ ಕ್ಷಣವೇ ಕೇಂದ್ರವನ್ನು ಬಾಯಿ ಮುಚ್ಚಿಸಬಹುದು. ಸೂರ್ಯ ಹುಟ್ಟಿದಾಗ ಯಂತ್ರ ಹಚ್ಚುವುದು, ಅರ್ಧ ಗಂಟೆಗೊಮ್ಮೆ ಮೀಟರು ನೋಡಿ ಬರೆಯುವುದು, ನಡುವೆ ನಮ್ಮವರ ಪೋಲ್ಕಾ ಕುಣಿತದ ಹಾಡು, ಹಂದಿಯ ಧಾರಣೆ, ಸಾವಿನ ಸುದ್ದಿ, ಸೂರ್ಯ ಮುಳುಗಿದಾಗ ಯಂತ್ರ ಆರಿಸುವುದು. ಯಂತ್ರ ಒಳಗೊಳಗೇ ಗುಂಯ್‌ಗುಡುತ್ತಿತ್ತು. ಅದು ನನ್ನನ್ನು ಮಾತಾಡಿಸದಿದ್ದರೆ ಸಾಕು, ನಾನಾಗಿ ಅದರ ತಂಟೆಗೆ ಹೋಗುತ್ತಿರಲಿಲ್ಲ.

ಮಾರ್ಚ್ ಹತ್ತೊಂಬತ್ತು ಸಂತ ಜೋಸೆಫನ ದಿನ. ನಮ್ಮಲ್ಲಿ ಹುಟ್ಟಿದ ದಿನಕ್ಕಿಂತ ಹೆಸರಿನ ದಿನ, ಅಂದರೆ ಯಾವ ಸಂತನ ಹೆಸರಿಟ್ಟಿದ್ದಾರೋ ಅವನ ಹಬ್ಬ, ದೊಡ್ಡದು. ಸೋದರಮಾವ ಜೋಸೆಫನ ಹೆಸರಿನ ದಿನಕ್ಕೆ ನೆಂಟರೆಲ್ಲ ಬರುವವರಿದ್ದರು. ಗಸಗಸೆ ತುಂಬಿದ ಕೊಲಾಚಿ ಬನ್ನುಗಳ ತಟ್ಟೆಗಳ ನಡುವೆ ಎರಡು ಲೈಸೆನ್ಸುಗಳನ್ನೂ ನಿಲ್ಲಿಸಬೇಕೆಂದು ಅಮ್ಮ ಹಟ ಹಿಡಿದಳು.

“ಸಂಜೆ ಯಂತ್ರ ಆರಿಸ್ತೀಯಲ್ಲ, ಆಮೇಲೆ ಆ ಗೋಡೆಗೇನು ಕೆಲಸ? ಬೆಳಗಾಗೋ ಹೊತ್ತಿಗೆ ವಾಪಸ್ ಕೊಡ್ತೀನಿ.”

ಕೊಟ್ಟಳು ಕೂಡ. ಎರಡನ್ನೂ ಒರೆಸಿ, ಬೆಣ್ಣೆ ಸುತ್ತುವ ಬಿಳಿ ಕಾಗದದಲ್ಲಿ ಸುತ್ತಿ, “ಇದು ನಿಂದು, ಇದು ನಿಮ್ಮಪ್ಪಂದು,” ಎಂದು ಇಬ್ಬರ ಕಂಕುಳಿಗೂ ಸಿಕ್ಕಿಸಿದಳು. ಸೂರ್ಯ ಹುಟ್ಟುವುದರೊಳಗೆ ಯಂತ್ರ ಹಚ್ಚುವ ಧಾವಂತದಲ್ಲಿ ನಾನು ಗಡಿಯಾರ ನೋಡುತ್ತಲೇ ಅದನ್ನು ಮೊಳೆಗೆ ತಗುಲಿಹಾಕಿದೆ.

ಮೂರು ವಾರ ಏನೂ ಆಗಲಿಲ್ಲ. ಏಪ್ರಿಲ್ಲಿನ ಒಂದು ಸೋಮವಾರ, ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ, ಮಿಲೋ ಯಜಮಾನರು ಏದುಸಿರು ಬಿಡುತ್ತ ಓಡಿ ಬಂದರು. ಅವರ ಕಾರು ಗ್ಯಾರೇಜಿನಲ್ಲಿ ಗೇರ್‌ಬಾಕ್ಸು ಬಿಚ್ಚಿಸಿಕೊಂಡು ಕೂತಿತ್ತು.

“ಪ್ರೆಂಟಿಸ್ ಬರ್ತಾವ್ನೆ. ತನಿಖೆಯವನು. ಪಕ್ಕದ ಜಿಲ್ಲೆ ಕೇಂದ್ರದೋರು ಈಗ ತಾನೇ ಹೇಳಿಕಳಿಸಿದ್ರು. ಅಲ್ಲಿ ಒಂದು ಮೀಟರಿನ ಗಾಜಲ್ಲಿ ಧೂಳಿತ್ತು ಅಂತ ಎರಡು ಪುಟ ಬರೆದವ್ನಂತೆ. ಮೀಟರು ಬರೆದಿದೀಯಾ?”

“ಬರೆದಿದೀನಿ.”

“ಲೈಸೆನ್ಸು ಗೋಡೆ ಮೇಲಿದೆಯಾ?”

“ಇಲ್ಲೇ ಇದೆಯಲ್ಲ,” ಎಂದು ಕೈ ತೋರಿಸಿದೆ. ಕೈ ತೋರಿಸಿದ ಮೇಲೆ ಕಣ್ಣೂ ಅತ್ತ ಹೋಯಿತು. ಮೂರು ವಾರದಲ್ಲಿ ಮೊದಲ ಸಲ ನಾನು ಅದನ್ನು ಓದಿದೆ. ಆಂಟನ್ ಕುಚೆರಾ ಎಂಬ ಈ ವ್ಯಕ್ತಿಯು ಬೆಣ್ಣೆಯ ವಾಸನೆ, ರುಚಿ, ಬಣ್ಣ ಮತ್ತು ಉಪ್ಪನ್ನು ಪರೀಕ್ಷಿಸಿ ದರ್ಜೆ ನೀಡಲು ಅರ್ಹನೆಂದು ಅದರಲ್ಲಿ ಬರೆದಿತ್ತು.

ಮಿಲೋ ಎರಡು ಸಲ ಓದಿದರು. ಆಮೇಲೆ ಬಹಳ ಸಮಾಧಾನದಿಂದ ಕೇಳಿದರು, “ಎಮಿಲಾ, ಮೂರು ವಾರದಿಂದ ನಮ್ಮ ರೇಡಿಯೊ ಬೆಣ್ಣೆ ಲೈಸೆನ್ಸಲ್ಲಿ ನಡೀತಿದೆಯಾ?”

“ಅದಲುಬದಲಾಗಿದೆ, ಯಜಮಾನ್ರೆ. ನಂದು ಡೇರೀಲಿ ಇರ್ಬೇಕು.”

“ನಿನ್ನ ನಾನು ಇಟ್ಕೊಂಡಿರೋದೇ ಆ ಕಾಗದಕ್ಕೆ. ಕಾಗದ ಇಲ್ಲದ ನೀನು ಬರೀ ಧ್ವನಿ. ಅದೂ ಮೂಗಿನ ಧ್ವನಿ. ಅವನು ಬರೋದ್ರೊಳಗೆ ಅದು ಆ ಮೊಳೆ ಮೇಲಿರ್ಬೇಕು. ಇಲ್ದಿದ್ರೆ ನೀನು ನಾಳೆಯಿಂದ ನಿಮ್ಮಪ್ಪನ ಪೀಪಾಯಿ ಉರುಳಿಸ್ತಿರ್ತೀಯ.”

ಡೇರಿ ಎರಡು ಮೈಲಿ ದೂರ. ಯಂತ್ರ ಬಿಟ್ಟು ನಾನು ಕದಲುವಂತಿಲ್ಲ. ಮಿಲೋ ಅಷ್ಟು ದೂರ ಓಡುವ ಮೈಕಟ್ಟಿನವರಲ್ಲ. ಫೋನೆತ್ತಿದೆ. ಕೇಂದ್ರದ ಫೋನೂ ಅದೇ ಹಾಳು ಲೈನಿನದು. ವ್ಲಾಸ್ಟತ್ತೆ ತನ್ನ ಎಡ ಮಂಡಿಯ ವಿಚಾರ ಮಾತಾಡುತ್ತಿದ್ದಳು.

“ಅತ್ತೆ, ಲೈನು ಬಿಡಿ, ಅವಸರ ಇದೆ.”

“ಯಾರು ಹೋದ್ರು?”

“ಯಾರೂ ಹೋಗಿಲ್ಲ.”

“ಹಂಗಾರೆ ಅವಸರ ಏನು? ಈಗಿನ್ನೂ ಬಲ ಮಂಡಿ ಶುರು ಮಾಡಿಲ್ಲ ನಾನು.”

ಹನ್ನೊಂದು ಹೊಡೆಯಿತು. ಹನ್ನೊಂದಕ್ಕೆ ನಮ್ಮ ‘ಇದೆಯಾ, ಬೇಕಾ’ ಕಾರ್ಯಕ್ರಮ. ಮಾರುವವರ ಹಳೆಯ ನೇಗಿಲು, ಕೊಳ್ಳುವವರ ಬಾತುಕೋಳಿ, ಕಳೆದುಹೋದ ನಾಯಿ ಎಲ್ಲವನ್ನೂ ಅದರಲ್ಲಿ ಓದುತ್ತಿದ್ದೆವು. ಡೇರಿಯಲ್ಲಿ ದಿನವಿಡೀ ರೇಡಿಯೊ ಹಾಡುತ್ತಲೇ ಇರುತ್ತಿತ್ತು. ಅಪ್ಪನಿಗೆ ಮಾತ್ರ ಅರ್ಥವಾಗುವ ಹಾಗೆ, ದಾರಿಯಲ್ಲಿ ಕಾರಿನ ರೇಡಿಯೊ ಕೇಳುತ್ತ ಬರುವ ಪ್ರೆಂಟಿಸನಿಗೆ ಅರ್ಥವಾಗದ ಹಾಗೆ ಒಂದು ಪ್ರಕಟಣೆ ಓದುವುದೆಂದು ತೀರ್ಮಾನಿಸಿದೆ. ಅನುಮಾನ ಬಾರದಿರಲಿ ಎಂದು ಸರ್ಕಾರದ ಗತ್ತನ್ನೂ ಬೆರೆಸಿದೆ.

“ಬೇಕಾಗಿದೆ. ಕಂದು ಕಟ್ಟಿನ, ಗುಂಡು ಮುದ್ರೆಯುಳ್ಳ, ತಪ್ಪು ಗೋಡೆಯ ಮೇಲೆ ತೂಗುತ್ತಿರುವ ಸರ್ಕಾರಿ ಕಾಗದ. ಯಾರ ಬಳಿ ಇದೆಯೋ ಅವರು ಕೂಡಲೇ ರೇಡಿಯೊ ಕಚೇರಿಗೆ ತಂದು ಒಪ್ಪಿಸತಕ್ಕದ್ದು. ವಿಳಂಬಕ್ಕೆ ಅವಕಾಶವಿಲ್ಲ.”

ನನ್ನ ಬುದ್ಧಿವಂತಿಕೆಗೆ ನಾನೇ ತಲೆದೂಗಿ ಪೋಲ್ಕಾ ಹಾಕಿದೆ.

ಒಂದು ವಿಷಯ ನನಗೆ ಹೊಳೆಯಲಿಲ್ಲ. ವೆಲ್ಕಾದಲ್ಲಿ ದೇವರ ಪಟ ಇಲ್ಲದ ಮನೆಗಳು ಎಷ್ಟು ಬೇಕಾದರೂ ಸಿಗುತ್ತವೆ, ಪೌರತ್ವದ ಪತ್ರಕ್ಕೆ ಕಟ್ಟು ಹಾಕಿಸದ ಮನೆ ಒಂದೂ ಸಿಗುವುದಿಲ್ಲ. ಹಡಗಿಳಿದು ಬಂದ ಅಜ್ಜಂದಿರು ಐದು ವರ್ಷ ಕಾದು, ನ್ಯಾಯಾಧೀಶರ ಮುಂದೆ ಕೈಯೆತ್ತಿ ಪಡೆದ ಕಾಗದಗಳವು. ಎಲ್ಲಕ್ಕೂ ಗುಂಡು ಮುದ್ರೆ. ನಮ್ಮ ಹಿರಿಯರು ಹಿಂದೆ ತಾವು ಬಿಟ್ಟು ಬಂದ ಬೊಹೇಮಿಯಾದಲ್ಲಿ, ಚಕ್ರವರ್ತಿಯ ಕಾಲದಲ್ಲಿ, ಕಲಿತ ಪಾಠ ಒಂದೇ. ಸರ್ಕಾರ ಕಾಗದ ತಾ ಎಂದರೆ ಯಾಕೆ ಎಂದು ಕೇಳಬಾರದು, ಒಳ್ಳೆಯ ಕೋಟು ಹಾಕಿಕೊಂಡು ಹೊರಡಬೇಕು. ವ್ಲಾಸ್ಟತ್ತೆ ಮಂಡಿಯನ್ನು ಅರ್ಧಕ್ಕೇ ಬಿಟ್ಟು, ಉಳಿದ ಐದು ಮನೆಗೆ ಸುದ್ದಿ ಮುಟ್ಟಿಸಿದಳು. ಆ ಐದು ಮನೆಯವರು ಊರಿಗೆ ಮುಟ್ಟಿಸಿದರು.

ಇಪ್ಪತ್ತು ನಿಮಿಷದಲ್ಲಿ ಬಾಗಿಲಿನಿಂದ ರಸ್ತೆಯವರೆಗೆ ಸಾಲು. ಎಲ್ಲರ ಎದೆಗೂ ಅವಚಿಕೊಂಡ ಒಂದೊಂದು ಕಟ್ಟು. ಮುದುಕ ಫ್ರಾಂಟಿಶೆಕ್ ತಾತನ ಕೈಯಲ್ಲಿ ಅವರಪ್ಪನ ಪತ್ರ.

“ಸರಿಯಾಗಿ ನೋಡಪ್ಪ,” ಎಂದರು ಕಟ್ಟು ಚಾಚಿ. “ನಮ್ಮಪ್ಪನ ಹೆಸರಲ್ಲಿ ಒಂದು ಅಕ್ಷರ ತಪ್ಪು ಬಿದ್ದಿದೆ. ಅಂದಿನಿಂದ ಸಾಯೋವರ್ಗೂ ಅವರು ಅದಕ್ಕೇ ಹೆದರ್ಕೊಂಡಿದ್ರು. ಎಪ್ಪತ್ತು ವರ್ಷ ಆದ್ಮೇಲೆ ಈಗ ಹುಡುಕ್ಕೊಂಡು ಬಂದ್ರಾ?”

“ಇದಲ್ಲ ತಾತ, ನೀವು ಮನೆಗೆ ಹೋಗಿ.”

“ಮನೆಗೆ ಅಂದ್ರೆ ಯಾವ ಮನೆಗೆ? ವಾಪಸ್ ಬೊಹೇಮಿಯಾಕ್ಕಾ?”

“ನಮ್ಮೆಜಮಾನ್ರು ಹೋಗಿ ಎಂಟು ವರ್ಷ ಆಯ್ತು,” ಎಂದಳು ವ್ಲಾಸ್ಟತ್ತೆ. “ಸತ್ತೋರದ್ದೂ ಕಿತ್ಕೋತಾರಾ?” ಅವಳ ಹಿಂದೆ ಒಬ್ಬನು ತನ್ನ ಹಂದಿಗೆ ಬಹುಮಾನ ಬಂದ ಪ್ರಮಾಣಪತ್ರ ಹಿಡಿದಿದ್ದ. ಅದಕ್ಕೂ ಗುಂಡು ಮುದ್ರೆಯಿತ್ತು, ಅವನದೂ ನ್ಯಾಯವೇ.

ಮಿಲೋ ಯಜಮಾನರಿಗೆ ಪ್ರೆಂಟಿಸನ ಮುಖ ಪರಿಚಯ ಇರಲಿಲ್ಲ. ಟೋಪಿ ಹಾಕಿದ ಪ್ರತಿಯೊಬ್ಬನಿಗೂ ಬಾಗಿ ಕಾಫಿ ಕೊಟ್ಟು, “ಧೂಳು ಒರೆಸಿಸಿದೀನಿ ಸ್ವಾಮಿ,” ಎನ್ನತೊಡಗಿದರು. ಹಂದಿಯವನು ಎರಡು ಲೋಟ ಕುಡಿದ.

ನಾನು ಗಾಜಿನ ಕಿಟಕಿಯಿಂದ ಸಾಲಿನ ತುದಿ ನೋಡಿದೆ. ಕಟ್ಟಕಡೆಯಲ್ಲಿ ಅಪ್ಪ ನಿಂತಿದ್ದರು, ಕಂಕುಳಲ್ಲಿ ಬಿಳಿ ಕಾಗದದ ಕಟ್ಟು. ಇದ್ದ ಪೀಪಾಯಿಗಳಿಗೆಲ್ಲ ಮುದ್ರೆ ಒತ್ತಿ ಮುಗಿಸಿಯೇ ಹೊರಟಿದ್ದರಿಂದ ತಡವಾಗಿತ್ತು. ಗಾಜು ಬಡಿದೆ, ಕೈ ಬೀಸಿದೆ, ಬನ್ನಿ ಎಂದು ಬಾಯಿ ಬಡಿದುಕೊಂಡೆ. ಅಪ್ಪ ಗಂಭೀರವಾಗಿ ಟೋಪಿ ಮುಟ್ಟಿ ಅಲ್ಲಿಯೇ ನಿಂತರು. ಡೇರಿಯಲ್ಲಿ ಮೂವತ್ತು ವರ್ಷ ಯಾರಿಗೂ ಸಾಲು ಮುರಿಯಲು ಬಿಡದವರು, ಮಗನ ಕೇಂದ್ರದಲ್ಲಿ ತಾವು ಮುರಿದಾರೆಯೇ? ನಾನೋ ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಕೂಗಿದ್ದೆ. ಆ ಹೊತ್ತಿಗೆ ಬೂದು ಟೋಪಿಯವನೊಬ್ಬ ಕಾರಿಳಿದು ನೇರವಾಗಿ ಬಾಗಿಲಿಗೆ ಬಂದ. ವ್ಲಾಸ್ಟತ್ತೆ ಅವನನ್ನು ತಡೆದಳು.

“ಕಾಗದ ಎಲ್ಲಿ?”

“ನನ್ಹತ್ರ ಕಾಗದ ಇಲ್ಲ ಕಣಮ್ಮ.”

“ಕಾಗದಾನೂ ಇಲ್ಲ, ಸಾಲಲ್ಲೂ ನಿಲ್ಲಲ್ಲ. ಹೋಗಪ್ಪ, ಆಂಟನ್ ಹಿಂದೆ ನಿಂತ್ಕೊ. ನಿಂಗೇ ಮೊದಲು ಗಡೀಪಾರು.”

ಆತ ಹೋಗಿ ಅಪ್ಪನ ಹಿಂದೆ ನಿಂತ. ಮುಂದೆ ನಡೆದ ಮಾತುಕತೆಯನ್ನು ನನಗೆ ಹೇಳಿದವಳು ವ್ಲಾಸ್ಟತ್ತೆಯೇ. ಕಾಗದ ಇಲ್ಲದ ಮನುಷ್ಯ ಎಂಥವನು ಎಂದು ತಿಳಿಯಲು ಅವಳು ತನ್ನ ಜಾಗವನ್ನು ಹಂದಿಯವನಿಗೆ ಒಪ್ಪಿಸಿ ಹಿಂದೆ ಹೋಗಿದ್ದಳು. ಕದ್ದು ಕೇಳಲು ಅವಳಿಗೆ ಫೋನೇ ಆಗಬೇಕೆಂದೇನೂ ಇರಲಿಲ್ಲ.

“ಏನು ಸಾಲು ಇದು?” ಎಂದನಂತೆ ಬೂದು ಟೋಪಿ.

“ಗೊತ್ತಿಲ್ಲ. ನಾನು ಬಂದಿರೋದು ನಮ್ಮ ಹುಡುಗನ ಲೈಸೆನ್ಸು ಕೊಡೋಕೆ. ರೇಡಿಯೊದ್ದು, ಫಸ್ಟ್ ಕ್ಲಾಸು.”

“ನಿಮ್ಮ ಕೈಗೆ ಹೇಗೆ ಬಂತು?”

“ನಂದೂ ಅವಂದೂ ಅದಲುಬದಲಾಯ್ತು. ಮೂರು ವಾರ ಆಯ್ತು.”

“ಇವತ್ತು ನೋಡಿದ್ರಾ?”

“ಮೊದಲ್ನೇ ದಿನಾನೇ ನೋಡಿದೆ. ಮೂವತ್ತು ವರ್ಷದಿಂದ ನೋಡೋ ಗೋಡೆ, ಗೊತ್ತಾಗಲ್ವಾ?”

“ಮತ್ತೆ ಯಾಕೆ ಕೊಡ್ಲಿಲ್ಲ?”

ಅಪ್ಪ ಕಟ್ಟನ್ನು ಈ ಕಂಕುಳಿಂದ ಆ ಕಂಕುಳಿಗೆ ಬದಲಾಯಿಸಿದರಂತೆ. ಆಮೇಲೆ ಹೇಳಿದರಂತೆ, “ಹಾಲು ಹಾಕೋಕೆ ಬರೋರು ನೋಡೋರು. ಇದೇನು ಆಂಟನ್ ಅಂತ ಕೇಳೋರು. ನಮ್ಮ ಹುಡುಗಂದು ಅಂತಿದ್ದೆ. ಇನ್ನೂ ನೋಡದೇ ಇರೋರು ಒಂದಿಬ್ರು ಉಳಿದಿದ್ರು.”

ಇದಲ್ಲ ಎಂದು ನಾನು ತಿರುಗಿಸಿ ಕಳಿಸಿದವರೆಲ್ಲ ಮನೆಗೆ ಹೋಗದೆ ಮತ್ತೆ ಸಾಲಿನ ಹಿಂದೆ ಸೇರಿಕೊಳ್ಳುತ್ತಿರಲು, ಕಡೆಗೂ ಅಪ್ಪನ ಸರದಿ ಬಂತು. ಅಪ್ಪ ಒಳಗೆ ಬಂದು, ಬಿಳಿ ಕಾಗದ ಬಿಚ್ಚಿ, ತಮ್ಮ ಲೈಸೆನ್ಸು ಇಳಿಸಿ, ನನ್ನದನ್ನು ಮೊಳೆಗೆ ತಗುಲಿಸಿ, ಒಂದು ಹೆಜ್ಜೆ ಹಿಂದೆ ಸರಿದು ಓರೆಯಾಗಿದೆಯೇ ಎಂದು ನೋಡಿದರು. “ಬಂತಪ್ಪ ಜೀವ,” ಎಂದು ಮಿಲೋ ಎದೆ ಹಿಡಿದುಕೊಂಡರು. ಆಗ ಅಪ್ಪನ ಹಿಂದೆಯೇ ಒಳಗೆ ಬಂದಿದ್ದ ಬೂದು ಟೋಪಿಯವನು ಕಿಸೆಯಿಂದ ಗುರುತಿನ ಚೀಟಿ ತೆಗೆದ.

“ಪ್ರೆಂಟಿಸ್, ತನಿಖೆ ವಿಭಾಗ.”

ಹೋದ ಜೀವ ಬಂದಿತ್ತಲ್ಲ, ಅದು ಮತ್ತೆ ಹೋಯಿತು. ಪ್ರೆಂಟಿಸ್ ನನ್ನ ಕಡೆ ತಿರುಗಿದ. “ಆಂಟೆನಾದ ಕರೆಂಟು ಇದ್ದಕ್ಕಿದ್ದ ಹಾಗೆ ಬಿದ್ಹೋದ್ರೆ ನೀನು ಮೊದಲು ಏನು ಮಾಡ್ತೀಯ?”

“ಸಿ,” ಎಂದೆ.

“ಏನು?”

“ಸಿ, ಸ್ವಾಮಿ.”

ಆತ ಕಣ್ಣು ಮುಚ್ಚಿ ತೆರೆದ. “ಯಾವ ಶಾಲೆ ಅಂತ ಗೊತ್ತಾಯ್ತು ಬಿಡು.” ಆಮೇಲೆ ಗೋಡೆಯ ಬಳಿ ಹೋಗಿ ಗಾಜಿಗೆ ಮೂಗು ತಾಗುವಷ್ಟು ಹತ್ತಿರ ನಿಂತು ಓದಿದ. “ಇದರಲ್ಲಿ ನಿನ್ನ ಸಹಿ ಎಲ್ಲಿ? ಪಡೆದವನ ಸಹಿ ಇಲ್ಲದೆ ಇದು ಲೈಸೆನ್ಸೇ ಅಲ್ಲ.”

ಮಿಲೋ ಅಲ್ಲಿದ್ದ ಕುರ್ಚಿಯಲ್ಲಿ ಕುಸಿದರು. ಕುರ್ಚಿಯ ಮೇಲೆ ಪೋಲ್ಕಾದ ಗ್ರಾಮಫೋನ್ ತಟ್ಟೆಗಳಿದ್ದವು.

“ಅವನ ತಪ್ಪಲ್ಲ,” ಎಂದರು ಅಪ್ಪ. “ಇವನಮ್ಮ ಓದೋಕೂ ಬಿಡದೆ ಗಾಜು ಹಾಕಿಬಿಟ್ಲು.”

“ಹಾಗಾದ್ರೆ ಬಿಚ್ಚಿ. ನನ್ನೆದುರಿಗೇ ಸಹಿ ಹಾಕ್ಲಿ.”

ಇಷ್ಟು ಹೊತ್ತೂ ಬಂಡೆಯಂತೆ ನಿಂತಿದ್ದ ಅಪ್ಪನ ಕಿವಿ ಕೆಂಪಾದವು. “ಬಿಚ್ಚಲೇಬೇಕಾ?” ಎಂದರು. ಬಿಚ್ಚಲೇಬೇಕಿತ್ತು. ಅಪ್ಪ ಚಾಕುವಿನಿಂದ ಮೊಳೆ ಎಬ್ಬಿಸಿದರು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂದವು. ಈಚೆಗೆ ಯಾರೋ ಒಮ್ಮೆ ಎಬ್ಬಿಸಿ ಕೂರಿಸಿದ ಮೊಳೆಗಳವು. ಪ್ರೆಂಟಿಸ್ ಕಾಗದವನ್ನು ಎಳೆದು ತಿರುವಿದ.

ಹಿಂಬದಿಯಲ್ಲಿ ನೇರಳೆ ಮುದ್ರೆಯಿತ್ತು. ವೆಲ್ಕಾ ಡೇರಿ, ಮಾರ್ಚ್ ಇಪ್ಪತ್ತು. ಅಂಕ ತೊಂಬತ್ತೆರಡು. ಕೆಳಗೆ ಅಪ್ಪನ ಸಹಿ.

“ಕೇಂದ್ರ ಸರ್ಕಾರದ ದಾಖಲೆ ಮೇಲೆ ಇದೇನು?” ಎಂದ ಪ್ರೆಂಟಿಸ್.

ಅಪ್ಪ ಎಬ್ಬಿಸಿದ ಮೊಳೆಗಳನ್ನು ಅಂಗೈಯಲ್ಲಿ ಎಣಿಸತೊಡಗಿದರು. ಉತ್ತರ ಬಂದದ್ದು ಬಾಗಿಲಲ್ಲಿ ಇಣುಕಿದ್ದ ವ್ಲಾಸ್ಟತ್ತೆಯಿಂದ.

“ತೊಂಬತ್ತೆರಡಾ? ಹದಿನೆಂಟು ವರ್ಷದಿಂದ ನಮ್ಮನೆ ಬೆಣ್ಣೆಗೆ ತೊಂಬತ್ತರ ಮೇಲೆ ಒಂದು ಕಾಳು ಹಾಕಿಲ್ಲ ಈ ಮನುಷ್ಯ. ಟೋಸ್ಟರ್ ರಿಪೇರಿ ಮಾಡು ಅಂದ್ರೆ ಇಡೀ ಮನೆ ಕರೆಂಟು ತೆಗೆದ ಇವನಿಗೆ ತೊಂಬತ್ತೆರಡಾ?”

ಸುದ್ದಿ ಸಾಲಿನುದ್ದಕ್ಕೂ ಹೋಯಿತು. ಇದು ಪಕ್ಷಪಾತ ಎಂದು ಹಂದಿಯವನು ಕೂಗಿದ. ಪ್ರೆಂಟಿಸ್ ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, ಅಪ್ಪನನ್ನು ಮೆಲ್ಲಗೆ ಕೇಳಿದ, “ಇದಕ್ಕಿಂತ ಮೇಲೆ ಎಷ್ಟಿದೆ?”

“ತೊಂಬತ್ತಮೂರು.”

“ಅದನ್ನ ಯಾಕೆ ಕೊಡ್ಲಿಲ್ಲ?”

“ಬಾಯಿಪಾಠ ಮಾಡಿ ಪಾಸಾದ, ಸ್ವಾಮಿ. ಒಂದಂಕ ಅದಕ್ಕೆ ಕಳೆದೆ.”

“ಸರಿಯಾಗೇ ಕಳೆದಿದೀರಿ,” ಎಂದ ಪ್ರೆಂಟಿಸ್. ತನ್ನ ಪೆನ್ನನ್ನೇ ನನಗೆ ಕೊಟ್ಟ. ನಾನು ಸಹಿ ಹಾಕಿದೆ. ಹನ್ನೊಂದೂವರೆಯ ಮೀಟರು ಬರೆದಿಲ್ಲ ಎಂದು ಒಂದು ಸಾಲಿನ ಎಚ್ಚರಿಕೆ ಬರೆದು, ಬೆಣ್ಣೆ ಲೈಸೆನ್ಸನ್ನು ಅಪ್ಪನ ಕೈಗಿಟ್ಟು, “ಬೆಣ್ಣೆ ಇಲಾಖೆಯವರು ಬರೋದ್ರೊಳಗೆ ನಿಮ್ಮ ಗೋಡೆಗೆ ಹಾಕ್ಕೊಳಿ,” ಎಂದ.

ಆತ ಹೊರಟನಾದರೂ ಹೋಗಲಾಗಲಿಲ್ಲ. ತನಿಖೆಯವನು ಇವನೇ ಎಂದು ಜನರಿಗೆ ತಿಳಿದಿತ್ತು, ಕಾಗದ ತೋರಿಸದೆ ಮನೆಗೆ ಹೋಗಲು ಯಾರೂ ಒಪ್ಪಲಿಲ್ಲ. ಫ್ರಾಂಟಿಶೆಕ್ ತಾತ ಕಟ್ಟು ಚಾಚಿದರು. ಪ್ರೆಂಟಿಸ್ ಟೋಪಿ ತೆಗೆದು ಅದನ್ನು ಎರಡೂ ಕೈಯಲ್ಲಿ ಹಿಡಿದು, ಮೊದಲ ಸಾಲಿನಿಂದ ಕೊನೆಯವರೆಗೆ ಓದಿದ.

“ಅಕ್ಷರ ತಪ್ಪು ಬಿದ್ದಿದೆ, ಸ್ವಾಮಿ,” ಎಂದರು ತಾತ.

“ಎಲ್ಲಾ ಸರಿಯಾಗಿದೆ. ನಾನು ನೋಡಿದೀನಿ,” ಎಂದ ಪ್ರೆಂಟಿಸ್. “ಮುಂದಿನೋರು ಬನ್ನಿ.”

ಹೀಗೆ ಒಂದೂವರೆ ಗಂಟೆ ನಿಂತು ಊರಿನ ಅಷ್ಟೂ ಕಾಗದ ನೋಡಿದ. ಹಂದಿಯದನ್ನೂ ಬಿಡಲಿಲ್ಲ.

ಆ ಕೇಂದ್ರದಲ್ಲಿ ನಾನು ಹನ್ನೊಂದು ವರ್ಷ ದುಡಿದೆ. ಯಂತ್ರ ನನ್ನನ್ನು ಮಾತಾಡಿಸಿತು, ನಾನೂ ನಿಧಾನವಾಗಿ ಅದರ ಭಾಷೆ ಕಲಿತೆ. ಒಂದು ಹಿಮಗಾಳಿಯಲ್ಲಿ ಕೇಂದ್ರ ನಿಂತುಹೋದಾಗ ಯಾರ ಸಹಾಯವೂ ಇಲ್ಲದೆ ರಿಪೇರಿ ಮಾಡಿ ಹಚ್ಚಿದೆ. ಮಾರನೆಯ ದಿನ ಬೀಗುತ್ತ ಡೇರಿಗೆ ಹೋಗಿ, “ಅಪ್ಪ, ಈಗಲಾದ್ರೂ ತೊಂಬತ್ತಮೂರು ಹಾಕ್ತೀರಾ?” ಎಂದೆ.

“ಒಂದ್ಸಲ ಮುದ್ರೆ ಒತ್ತಿದ್ಮೇಲೆ ಮತ್ತೆ ಒತ್ತಂಗಿಲ್ಲ,” ಎಂದರು ಅಪ್ಪ, ಕೊಳವೆ ಒರೆಸುತ್ತ. “ಕಾನೂನು.”

ಎಂಬತ್ತರ ದಶಕದಲ್ಲಿ ಸರ್ಕಾರ ಫಸ್ಟ್ ಕ್ಲಾಸ್ ಲೈಸೆನ್ಸನ್ನೇ ರದ್ದು ಮಾಡಿತು. ಆ ಕಾಗದದ ಮುಂಬದಿಗೆ ಈಗ ಯಾವ ಬೆಲೆಯೂ ಇಲ್ಲ. ಹಿಂಬದಿಯನ್ನು ರದ್ದು ಮಾಡುವ ಅಧಿಕಾರ ಇದ್ದವರು ಒಬ್ಬರೇ, ಅವರು ಮಾಡದೆಯೇ ಹೋದರು. ಅದಕ್ಕೇ ನಾನು ಮೊಳೆ ಎಬ್ಬಿಸಿ, ಕಾಗದ ತಿರುವಿ, ನೇರಳೆ ಮುದ್ರೆ ಮೇಲೆ ಬರುವಂತೆ ಕಟ್ಟು ಹಾಕಿ ಗೋಡೆಗೆ ತಗುಲಿಹಾಕಿದ್ದೇನೆ. ನೋಡಿದವರು ನಾನು ಡೇರಿಯಲ್ಲಿದ್ದೆನೆಂದು ತಿಳಿಯುತ್ತಾರೆ, ನಾನು ತಿದ್ದುವುದಿಲ್ಲ.